ಗಣಕಯಂತ್ರದ ವಠಾರ

ಬಾಗಿಲು ತಟ್ಟಿದ ಸದ್ದಾದರೆ ಒಳಗಿದ್ದವರು ಮೊದಲು ಕೇಳುವ ಮಾತು "ಯಾರದು?" ಎಂದು. ಹೊರಗಿನಿಂದ "ನಾನು" ಎಂದಷ್ಟೇ ಉತ್ತರ ಬಂದರೂ ದನಿಯ ಗುರುತು ಹಿಡಿದು ಅಗುಳಿ ತೆಗೆಯುತ್ತೇವೆ. ಗಣಕಯಂತ್ರಕ್ಕೆ, ಅಂದರೆ ನಾವೆಲ್ಲ ಕಂಪ್ಯೂಟರ್ ಎಂದು ಕರೆಯುವ ಯಂತ್ರಕ್ಕೆ, ಇಂಥ ದಾಕ್ಷಿಣ್ಯವಿಲ್ಲ. ಅದು ಹೆಸರನ್ನು ಕೇಳುತ್ತದೆ. ಹೆಸರಿನ ಬೆನ್ನಿಗೇ ಪಾಸ್‌ವರ್ಡನ್ನು, ಅಂದರೆ ನಿಮಗೊಬ್ಬರಿಗೇ ಗೊತ್ತಿರುವ ಗುಟ್ಟಿನ ಪದವನ್ನು ಕೇಳುತ್ತದೆ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಮಕ್ಕಳ ಶಾಲೆಯ ವ್ಯವಹಾರದಲ್ಲಿ ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಎದುರಿಸುವ ನಿಮಗೆ ಇದೊಂದು ಕಿರುಕುಳವೆಂದು ತೋರಿದ್ದರೆ ಆಶ್ಚರ್ಯವೇನೂ ಇಲ್ಲ.

ಆದರೆ ಯಂತ್ರ ಈ ಪ್ರಶ್ನೆಯನ್ನು ಕೇಳಲು ಕಲಿತದ್ದು ಕಳ್ಳರ ಭಯವೊಂದರಿಂದಲೇ ಅಲ್ಲ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿ ಬಂದಾಗ ಮೂರು ಪ್ರಶ್ನೆಗಳು ತಾವಾಗಿಯೇ ಎದ್ದವು. ಯಾವುದು ಯಾರದು? ಯಾವುದು ಎಲ್ಲರದು? ಈ ಕೆಲಸ ಮಾಡಿದವರು ಯಾರು? ಈ ಮೂರಕ್ಕೂ ಉತ್ತರ ಕೊಡುವ ಏರ್ಪಾಡಿಗೆ ಬಳಕೆದಾರರ ಖಾತೆಗಳು ಮತ್ತು ಗುಂಪುಗಳು ಎಂದು ಹೆಸರು. ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿಯೂ, ಅದರ ಜಾಡಿನಲ್ಲೇ ನಡೆದ ಲಿನಕ್ಸ್ ಮೊದಲಾದವುಗಳಲ್ಲಿಯೂ ಈ ಏರ್ಪಾಡು ಬಹು ಸರಳವಾಗಿ, ಬಹು ಅಚ್ಚುಕಟ್ಟಾಗಿ ಬೆಳೆದುಬಂದಿದೆ. ಖಾತೆಯನ್ನು ನಾವು ಸಾಮಾನ್ಯವಾಗಿ ಬೀಗವೆಂದು ಭಾವಿಸುತ್ತೇವೆ. ಬೀಗ ಹೌದು. ಅದಕ್ಕಿಂತ ಮಿಗಿಲಾಗಿ ಅದು ಒಂದು ಸಾಕ್ಷಿ; ತಪ್ಪು ಮಾಡದವನ ಪರವಾಗಿ ನುಡಿಯಬಲ್ಲ ಸಾಕ್ಷಿ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳುವುದೇ ನನ್ನ ಇಂದಿನ ಉದ್ದೇಶ.

ಮೊದಲು ಹಳೆಯ ಕಥೆ. ಗಣಕಯಂತ್ರವೊಂದು ದೊಡ್ಡ ಹಜಾರವನ್ನೇ ತುಂಬುತ್ತಿದ್ದ ಕಾಲದಲ್ಲಿ ಒಬ್ಬರ ಕೆಲಸ ಮುಗಿಯುವ ತನಕ ಉಳಿದವರು ಕಾದು ಕುಳಿತಿರಬೇಕಾಗಿತ್ತು. ಈ ಕಾಯುವಿಕೆಯನ್ನು ತಪ್ಪಿಸಲು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ೧೯೬೧ರಲ್ಲಿ ಒಂದು ಹೊಸ ಪದ್ಧತಿಯನ್ನು ಮಾಡಿ ತೋರಿಸಿದರು. ಯಂತ್ರ ತನ್ನ ಸಮಯವನ್ನು ಚೂರುಚೂರಾಗಿ ಹಂಚಿ, ಒಬ್ಬರಾದ ಮೇಲೆ ಒಬ್ಬರಿಗೆ ಎಷ್ಟು ಬೇಗ ಬಡಿಸುತ್ತಿತ್ತೆಂದರೆ, ಪ್ರತಿಯೊಬ್ಬರಿಗೂ ಯಂತ್ರವೆಲ್ಲ ತಮ್ಮದೇ ಎಂದು ತೋರುತ್ತಿತ್ತು. ಆದರೆ ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯಬಾರದಲ್ಲ! ಯಾರಿಗೆ ಎಷ್ಟು ಸಮಯ ಸಂದಿತೆಂಬ ಲೆಕ್ಕವೂ ಬೇಕಲ್ಲ! ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಗುಟ್ಟಿನ ಪದ ಬಂದವು.

ಗುಟ್ಟು ಬಂದ ಕಡೆ ರಟ್ಟು ಆಗುವುದೂ ಉಂಟು. ೧೯೬೦ರ ದಶಕದ ನಡುಭಾಗದಲ್ಲಿ ಒಂದು ದಿನ ಅದೇ ಯಂತ್ರದ ಬಳಿ ಕುಳಿತವರಿಗೆಲ್ಲ, ದಿನವೂ ಕಾಣುತ್ತಿದ್ದ ಸ್ವಾಗತದ ಪ್ರಕಟಣೆಯ ಬದಲಾಗಿ ಎಲ್ಲ ಬಳಕೆದಾರರ ಪಾಸ್‌ವರ್ಡುಗಳ ಪಟ್ಟಿಯೇ ಕಾಣಿಸಿಕೊಂಡಿತು. ಕಾರಣವನ್ನು ಶೋಧಿಸಿದಾಗ ತಿಳಿದುದು ಇಷ್ಟು. ವ್ಯವಸ್ಥಾಪಕರ ಕೆಲಸದ ಜಾಗವೊಂದನ್ನು ಏಕಕಾಲದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಳಸಲು ಸಡಿಲ ಕೊಟ್ಟಿದ್ದರು. ಒಬ್ಬರು ಪ್ರಕಟಣೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡುಗಳ ಕಡತವನ್ನು ತಿದ್ದುತ್ತಿದ್ದರು. ತಿದ್ದುವ ಸಾಧನ ಇಬ್ಬರ ಕರಡಿಗೂ ಒಂದೇ ಹೆಸರಿಟ್ಟಿತು, ಕರಡುಗಳು ಅದಲುಬದಲಾದುವು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದರೆಂಬುದನ್ನು ಗಮನಿಸಿ. ಕೆಟ್ಟದ್ದು, ಎರಡು ಕೈ ಒಂದೇ ಗುರುತಿನ ಅಡಿಯಲ್ಲಿ ಕೆಲಸ ಮಾಡಿದ್ದರಿಂದ.

ಮುಂದೆ ೧೯೬೯ರಲ್ಲಿ ನ್ಯೂಜೆರ್ಸಿಯ ಮರ್ರೇ ಹಿಲ್ ಎಂಬಲ್ಲಿ, ಬೆಲ್ ಪ್ರಯೋಗಶಾಲೆಯಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚ್ಚಿ ಎಂಬ ಇಬ್ಬರು ಯೂನಿಕ್ಸಿಗೆ ಅಡಿಪಾಯ ಹಾಕಿದರು. ಅದರ ಮೊದಲ ಕೈಪಿಡಿ ೧೯೭೧ರ ನವೆಂಬರಿನಲ್ಲಿ ಹೊರಬಂದಿತು. ಯೂನಿಕ್ಸನ್ನು ನಮ್ಮ ಬೆಂಗಳೂರು ಮೈಸೂರುಗಳ ಹಳೆಯ ವಠಾರಕ್ಕೆ ಹೋಲಿಸಿದರೆ ವಿಷಯ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಒಂದೇ ಹೆಬ್ಬಾಗಿಲು, ಒಳಗೆ ಸಾಲಾಗಿ ಮನೆಗಳು, ಪ್ರತಿ ಮನೆಗೂ ಬೇರೆ ಬೀಗ, ನಡುವೆ ಎಲ್ಲರಿಗೂ ಸೇರಿದ ಅಂಗಳ, ನಲ್ಲಿ. ಎಲ್ಲಕ್ಕೂ ಮೇಲೆ ವಠಾರದ ಒಡೆಯರು. ಅವರ ಸೊಂಟದಲ್ಲಿ ಎಲ್ಲ ಮನೆಗಳ ಬೀಗದ ಕೈ.

ಈ ವಠಾರದಲ್ಲಿ ಯಾರು ಯಾರು ಇದ್ದಾರೆಂಬ ಪಟ್ಟಿ ಒಂದು ಸಾಧಾರಣ ಕಡತದಲ್ಲಿದೆ. ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು ಸಾಲು, ಸಾಲಿನಲ್ಲಿ ಏಳು ಅಂಕಣಗಳು. ಉದಾಹರಣೆಗೆ, ಒಂದು ಪ್ರೌಢಶಾಲೆಯಲ್ಲಿ ಲಿನಕ್ಸ್ ಯಂತ್ರವೊಂದಿದೆಯೆಂದೂ, ಗಣಿತದ ಮೇಷ್ಟರಿಗೆ ಅದರಲ್ಲಿ ಖಾತೆ ತೆರೆದಿದ್ದಾರೆಂದೂ ಭಾವಿಸೋಣ. ಮೊದಲನೆಯ ಅಂಕಣದಲ್ಲಿ ಅವರು ಒಳಬರುವಾಗ ಹೇಳುವ ಹೆಸರು. ಎರಡನೆಯದು ಪಾಸ್‌ವರ್ಡಿನ ಜಾಗ. ಈಗ ಅಲ್ಲಿ ಬರಿಯ ಒಂದು ಎಕ್ಸ್ ಅಕ್ಷರ ಇರುತ್ತದೆ, ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೂರನೆಯದು ಅವರ ಸಂಖ್ಯೆ. ನಾಲ್ಕನೆಯದು ಅವರು ಮುಖ್ಯವಾಗಿ ಸೇರಿದ ಗುಂಪಿನ ಸಂಖ್ಯೆ. ಐದನೆಯದು ಪೂರ್ಣ ಹೆಸರು, ವಿಳಾಸ ಮೊದಲಾದ ವಿವರ. ಆರನೆಯದು ಅವರ ಮನೆ, ಅಂದರೆ ಅವರ ಕಡತಗಳೆಲ್ಲ ಇರುವ ಡೈರೆಕ್ಟರಿ. ಏಳನೆಯದು, ಅವರು ಒಳಬಂದ ಕೂಡಲೆ ಅವರ ಆಜ್ಞೆಗಳನ್ನು ಕೇಳಲು ನಿಲ್ಲಬೇಕಾದ ಪರಿಚಾರಕ; ಇದಕ್ಕೆ ಶೆಲ್ ಎಂದು ಹೆಸರು.

ಇವುಗಳಲ್ಲಿ ಮುಖ್ಯವಾದುದು ಯಾವುದು? ಹೆಸರು ಎಂದು ನೀವು ಹೇಳಬಹುದು. ಅಲ್ಲ, ಸಂಖ್ಯೆ. ಹೆಸರು ನಮ್ಮ ಅನುಕೂಲಕ್ಕೆ ಇಟ್ಟದ್ದು. ಯಂತ್ರ ಪ್ರತಿಯೊಂದು ಕಡತದ ಮೇಲೂ ಬರೆದಿಟ್ಟುಕೊಳ್ಳುವುದು ಒಡೆಯರ ಸಂಖ್ಯೆಯನ್ನು ಮಾತ್ರ. ಆರಂಭದ ಯೂನಿಕ್ಸಿನಲ್ಲಿ ಈ ಸಂಖ್ಯೆಗೆ ಎಂಟು ದ್ವಿಮಾನ ಅಂಕಿಗಳ ಜಾಗವಿತ್ತು. ಹಾಗಾಗಿ ಒಂದು ಯಂತ್ರದಲ್ಲಿ ೨೫೬ಕ್ಕಿಂತ ಹೆಚ್ಚು ಸಂಖ್ಯೆಗಳು ಇರುವಂತಿರಲಿಲ್ಲ. ಇಂದಿನ ಲಿನಕ್ಸಿನಲ್ಲಿ ನಾನೂರು ಕೋಟಿಗೂ ಮಿಕ್ಕು ಸಂಖ್ಯೆಗಳಿಗೆ ಅವಕಾಶವಿದೆ. ಜನರ ಖಾತೆಗಳು ಸಾಮಾನ್ಯವಾಗಿ ೧೦೦೦ದಿಂದ ಮೊದಲಾಗುತ್ತವೆ. ಅದಕ್ಕೆ ಕೆಳಗಿನವು ಅಚ್ಚು ಹಾಕುವುದು, ಅಂಚೆ ಸಾಗಿಸುವುದು ಮೊದಲಾದ ಯಂತ್ರದ ಊಳಿಗಗಳಿಗೆ ಮೀಸಲು. ಆ ಊಳಿಗದ ಖಾತೆಗಳಿಂದ ಯಾರೂ ಒಳಗೆ ಬಂದು ಕೂರುವಂತಿಲ್ಲ. ಅವುಗಳ ಏಳನೆಯ ಅಂಕಣದಲ್ಲಿ "ಪ್ರವೇಶವಿಲ್ಲ" ಎಂದು ಹೇಳಿ ಕಳಿಸುವ ಪರಿಚಾರಕನನ್ನೇ ನಿಲ್ಲಿಸಿರುತ್ತಾರೆ. ಇನ್ನು ಸೊನ್ನೆ ಎಂಬ ಸಂಖ್ಯೆ ಉಂಟಲ್ಲ, ಅದೇ ವಠಾರದ ಒಡೆಯ. ಅದರ ಹೆಸರು ರೂಟ್, ಎಂದರೆ ಬೇರು. ಸೊನ್ನೆಗೆ ಲೋಕದಲ್ಲಿ ಬೆಲೆಯಿಲ್ಲವೆನ್ನುತ್ತಾರೆ. ಯೂನಿಕ್ಸಿನಲ್ಲಿ ಸೊನ್ನೆಗೆ ತೆರೆಯದ ಬಾಗಿಲೇ ಇಲ್ಲವೆನ್ನಬಹುದು.

ಪಾಸ್‌ವರ್ಡಿನ ಜಾಗದಲ್ಲಿ ಎಕ್ಸ್ ಏಕೆ ಬಂದಿತೆಂಬ ಪ್ರಶ್ನೆಗೆ ಈಗ ಬರೋಣ. ಗುಟ್ಟಿನ ಪದವನ್ನು ಇದ್ದುದು ಇದ್ದಂತೆ ಬರೆದಿಟ್ಟರೆ ಏನಾಗುತ್ತದೆಂಬುದನ್ನು ಮೆಸಾಚುಸೆಟ್ಸಿನ ಕಥೆ ತೋರಿಸಿಕೊಟ್ಟಿತ್ತು. ಆದುದರಿಂದ ಯೂನಿಕ್ಸಿನವರು ಪದವನ್ನು ರುಬ್ಬಿ ಇಟ್ಟರು. ರುಬ್ಬಿದ ಹಿಟ್ಟಿನಿಂದ ಅಕ್ಕಿಯನ್ನು ಮರಳಿ ಪಡೆಯಲಾಗದಷ್ಟೆ? ಹಾಗೆಯೇ ರುಬ್ಬಿಟ್ಟ ಗುರುತಿನಿಂದ ಮೂಲ ಪದವನ್ನು ಹಿಂದಕ್ಕೆ ತೆಗೆಯಲು ಬಾರದು. ನೀವು ಒಳಬರುವಾಗ ಹೇಳಿದ ಪದವನ್ನು ಯಂತ್ರ ಮತ್ತೆ ಅದೇ ಒರಳಿನಲ್ಲಿ ರುಬ್ಬಿ, ಇಟ್ಟಿದ್ದ ಗುರುತಿಗೆ ಹೊಂದುತ್ತದೆಯೇ ಎಂದು ನೋಡುತ್ತದೆ. ಇಬ್ಬರು ಒಂದೇ ಪದವನ್ನು ಆರಿಸಿದ್ದರೂ ಗುರುತುಗಳು ಬೇರೆಯಾಗಿ ಕಾಣಲೆಂದು ರುಬ್ಬುವಾಗ ಸ್ವಲ್ಪ ಉಪ್ಪನ್ನೂ ಬೆರೆಸುತ್ತಾರೆ. ಇದು ನನ್ನ ಅಲಂಕಾರವಲ್ಲ. ಅವರೇ ಅದಕ್ಕೆ ಉಪ್ಪು ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಮೊದಲಿಗೆ ೪,೦೯೬ ಬಗೆಯ ಉಪ್ಪುಗಳಿದ್ದುವು.

ಒರಳು ಗಟ್ಟಿಯಾಗಿದ್ದರೆ ಸಾಲದು, ಕಾಳೂ ಗಟ್ಟಿಯಾಗಿರಬೇಕು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ೧೯೭೯ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬಳಕೆದಾರರ ೩,೨೮೯ ಪಾಸ್‌ವರ್ಡುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ನೂರಕ್ಕೆ ೮೬ರಷ್ಟು ತೀರ ಚಿಕ್ಕವು, ಇಲ್ಲವೆ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು ಎಂದು ಕಂಡುಬಂದಿತ್ತು. ಹದಿನೈದು ಮಂದಿ ಒಂದೇ ಒಂದು ಅಕ್ಷರವನ್ನು ಪಾಸ್‌ವರ್ಡಾಗಿ ಇಟ್ಟುಕೊಂಡಿದ್ದರು! ಹಿಂದಕ್ಕೆ ತೆಗೆಯಲಾಗದಿದ್ದರೇನು, ನಿಘಂಟಿನ ಪದಗಳನ್ನೆಲ್ಲ ಒಂದೊಂದಾಗಿ ರುಬ್ಬಿ ನೋಡುತ್ತಾ ಹೋದರೆ ಯಾವುದೋ ಒಂದು ಹೊಂದಿಯೇ ಹೊಂದುತ್ತದೆ. ಆದುದರಿಂದಲೇ ೧೯೮೦ರ ದಶಕದಲ್ಲಿ ರುಬ್ಬಿದ ಗುರುತುಗಳನ್ನು ಎಲ್ಲರಿಗೂ ಕಾಣುವ ಪಟ್ಟಿಯಿಂದ ತೆಗೆದು, ರೂಟ್ ಮಾತ್ರ ಓದಬಲ್ಲ ಬೇರೊಂದು ಕಡತದಲ್ಲಿಡುವ ಪದ್ಧತಿ ಬಂದಿತು. ಅದಕ್ಕೆ ನೆರಳಿನ ಕಡತವೆಂದು ಹೆಸರು. ಹಳೆಯ ಜಾಗದಲ್ಲಿ ಉಳಿದದ್ದೇ ಆ ಎಕ್ಸ್. ತಮಾಷೆಯೆಂದರೆ, ಥಾಂಪ್ಸನ್ನರ ಸ್ವಂತ ಪಾಸ್‌ವರ್ಡು ಹಳೆಯ ಕಡತವೊಂದರಲ್ಲಿ ಉಳಿದುಬಂದು, ೨೦೧೯ರಲ್ಲಿ ಆಸಕ್ತರ ಕೈಗೆ ಒಡೆಯಿತು. ಅದು ಚದುರಂಗದ ಒಂದು ನಡೆ: ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವುದು. ನಿಘಂಟಿನ ಪದವಾಗಿದ್ದರೆ ಅದು ಅಷ್ಟು ಕಾಲ ಬಾಳುತ್ತಿರಲಿಲ್ಲ.

ಇಷ್ಟು ಖಾತೆಯ ಮಾತಾಯಿತು. ಇನ್ನು ಗುಂಪು. ಥಾಂಪ್ಸನ್ ಮತ್ತು ರಿಚ್ಚಿಯವರು ೧೯೭೪ರಲ್ಲಿ ಯೂನಿಕ್ಸನ್ನು ವಿವರಿಸಿ ಬರೆದ ಪ್ರಸಿದ್ಧ ಲೇಖನದಲ್ಲಿ ಪ್ರತಿ ಕಡತಕ್ಕೂ ಆರು ಅನುಮತಿಗಳನ್ನು ಹೇಳಿದ್ದಾರೆ. ಓದುವುದು, ಬರೆಯುವುದು, ನಡೆಸುವುದು. ಈ ಮೂರೂ ಒಡೆಯರಿಗೆ ಬೇರೆ, ಉಳಿದವರಿಗೆಲ್ಲ ಬೇರೆ. ಲೋಕದಲ್ಲಿ ನಾನು, ಮಿಕ್ಕವರು ಎಂದು ಎರಡೇ ಪಂಗಡ! ಅದೇ ಲೇಖನವನ್ನು ೧೯೭೮ರಲ್ಲಿ ತಿದ್ದಿ ಮತ್ತೆ ಅಚ್ಚುಮಾಡಿದಾಗ ಆರು ಒಂಬತ್ತಾಗಿತ್ತು. ನಡುವೆ ಮೂರನೆಯ ಪಂಗಡ ಬಂದಿತ್ತು. ಅದೇ ಗುಂಪು.

ಈ ಮೂರು ಹೊಸ ಅನುಮತಿಗಳ ಬೆಲೆ ತಿಳಿಯಬೇಕಾದರೆ ನಮ್ಮ ಪ್ರೌಢಶಾಲೆಗೆ ಹಿಂದಿರುಗಬೇಕು. ಪರೀಕ್ಷೆಯ ಅಂಕಪಟ್ಟಿಯನ್ನು ಗಣಿತದ ಮೇಷ್ಟರು ತಯಾರಿಸುತ್ತಾರೆ. ಉಳಿದ ಉಪಾಧ್ಯಾಯರು ಅದನ್ನು ನೋಡಬೇಕು, ತಿದ್ದಬಾರದು. ವಿದ್ಯಾರ್ಥಿಗಳು ನೋಡಲೂ ಬಾರದು. ಗುಂಪೆಂಬುದು ಇಲ್ಲದಿದ್ದರೆ ಮೇಷ್ಟರಿಗೆ ಎರಡೇ ದಾರಿ: ಪಟ್ಟಿಯನ್ನು ಊರಿಗೆಲ್ಲ ತೆರೆದಿಡುವುದು, ಇಲ್ಲವೆ ತಮ್ಮ ಪಾಸ್‌ವರ್ಡನ್ನೇ ಸಹೋದ್ಯೋಗಿಗಳಿಗೆ ಹೇಳಿಬಿಡುವುದು. ಎರಡೂ ಅಪಾಯದವು. ಗುಂಪಿದ್ದರೆ "ಉಪಾಧ್ಯಾಯರು" ಎಂಬ ಒಂದು ಗುಂಪು ಮಾಡಿ, ಅಂಕಪಟ್ಟಿಯನ್ನು ಆ ಗುಂಪಿಗೆ ಸೇರಿಸಿ, ಒಡೆಯರಿಗೆ ಓದುಬರಹ, ಗುಂಪಿಗೆ ಓದು, ಉಳಿದವರಿಗೆ ಏನೂ ಇಲ್ಲ ಎಂದು ಅನುಮತಿ ಕೊಟ್ಟರೆ ಮುಗಿಯಿತು. ಯೂನಿಕ್ಸಿನವರು ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಬೆಲೆ ಕಟ್ಟಿ, ಇದನ್ನು ೬೪೦ ಎಂಬ ಮೂರು ಅಂಕಿಗಳಲ್ಲಿ ಹೇಳಿಬಿಡುತ್ತಾರೆ. ೬ ಒಡೆಯರದು, ೪ ಗುಂಪಿನದು, ೦ ಪರರದು.

ಮೊದಲು ಒಬ್ಬರು ಒಂದು ಸಮಯದಲ್ಲಿ ಒಂದೇ ಗುಂಪಿನಲ್ಲಿ ಕೆಲಸ ಮಾಡಬೇಕಾಗಿತ್ತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್‌ಲಿಯವರು ೧೯೮೩ರಲ್ಲಿ ಹೊರತಂದ ಯೂನಿಕ್ಸಿನ ಆವೃತ್ತಿಯಲ್ಲಿ ಒಬ್ಬರೇ ಏಕಕಾಲಕ್ಕೆ ಹಲವು ಗುಂಪುಗಳಲ್ಲಿ ಇರಲು ಸಾಧ್ಯವಾಯಿತು. ಬಾಳಿನಲ್ಲಿಯೂ ಹಾಗೆಯೇ ಅಲ್ಲವೆ? ಒಬ್ಬರೇ ಮನೆಯಲ್ಲಿ ತಂದೆ, ಶಾಲೆಯಲ್ಲಿ ಮೇಷ್ಟರು, ಸಹಕಾರ ಸಂಘದಲ್ಲಿ ಸದಸ್ಯರು.

ಇಂಥ ಯಂತ್ರವನ್ನು ನೋಡಿಕೊಳ್ಳುವ ಹೊಣೆ ನಿಮ್ಮಲ್ಲಿ ಯಾರ ಪಾಲಿಗಾದರೂ ಬಂದಿದ್ದರೆ ಇಲ್ಲಿ ಮೂರು ಸೂಕ್ಷ್ಮಗಳನ್ನು ನೆನಪಿಡಬೇಕು. ಬಳಕೆದಾರರೊಬ್ಬರನ್ನು ಹೊಸ ಗುಂಪಿಗೆ ಹಾಕುವ ಆಜ್ಞೆಯಲ್ಲಿ "ಇದ್ದುದರ ಜೊತೆಗೆ ಸೇರಿಸು" ಎಂಬ ಸಣ್ಣ ಗುರುತನ್ನು ಬಿಟ್ಟರೆ, ಯಂತ್ರ "ಇದೊಂದೇ ಇರಲಿ" ಎಂದು ತಿಳಿದು ಅವರ ಇತರ ಗುಂಪುಗಳಿಂದ ಹೆಸರು ಹೊಡೆದುಹಾಕುತ್ತದೆ. ಇದು ಒಂದು. ಗುಂಪಿಗೆ ಸೇರಿಸಿದ ಮಾತ್ರಕ್ಕೆ ಆಗಲೇ ಒಳಗೆ ಕುಳಿತಿರುವವರಿಗೆ ಹೊಸ ಹಕ್ಕು ಬಾರದು. ಅವರು ಹೊರಗೆ ಹೋಗಿ ಮತ್ತೆ ಒಳಬರಬೇಕು. ಇದು ಎರಡು. ಮೂರನೆಯದು, ಗುಂಪಿನವರೆಲ್ಲ ಕೂಡಿ ಬಳಸುವ ಡೈರೆಕ್ಟರಿಗೆ ಗುಂಪಿನ ಮುದ್ರೆಯೊಂದನ್ನು ಒತ್ತಿಡುವ ಅನುಕೂಲವುಂಟು. ಒತ್ತಿಟ್ಟರೆ ಅಲ್ಲಿ ಯಾರು ಹೊಸ ಕಡತ ಮಾಡಿದರೂ ಅದು ಆ ಗುಂಪಿಗೇ ಸೇರುತ್ತದೆ. ಇಲ್ಲದಿದ್ದರೆ ಅದು ಮಾಡಿದವರ ಸ್ವಂತ ಗುಂಪಿಗೆ ಹೋಗಿ, "ನಿಮ್ಮ ಕಡತ ನಮಗೆ ತೆರೆಯುತ್ತಿಲ್ಲ" ಎಂಬ ದೂರು ದಿನವೂ ಬರುತ್ತದೆ. ದೂರು ಹೆಚ್ಚಾದಾಗ ಬೇಸತ್ತ ಜನ ಮಾಡುವ ಕೆಲಸವೇನು? ಮತ್ತೆ ಪಾಸ್‌ವರ್ಡನ್ನು ಹಂಚಿಕೊಳ್ಳುವುದು! ಗುಂಪನ್ನು ಸರಿಯಾಗಿ ಕಟ್ಟದಿದ್ದರೆ ಖಾತೆಯೂ ಕೆಡುತ್ತದೆ.

ಪಾಸ್‌ವರ್ಡು ಹಂಚಿಕೊಂಡರೆ ಏನು ಮಹಾ ನಷ್ಟ, ಎಲ್ಲರೂ ನಮ್ಮವರೇ ತಾನೆ, ಎಂದು ನೀವು ಕೇಳಬಹುದು. ನಮ್ಮವರೇ ಇರಲಿ. ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಿ. ಐವರು ನೌಕರರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಅದು ಗೋಡೆಯ ಮೇಲಿನ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದದ್ದೂ ಇದೆ. ಒಂದು ದಿನ ಲೆಕ್ಕದ ಒಂದು ಅಂಕಿ ಬದಲಾಯಿತು, ಹಣ ಕಡಿಮೆ ಬಿದ್ದಿತು. ಯಂತ್ರವನ್ನು ಕೇಳಿದರೆ ಅದು ಆ ಒಂದು ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ಆ ಹೆಸರಿನ ಹಿಂದೆ ಐವರಿದ್ದಾರೆ. ಆಗ ಸಂಶಯ ಯಾರ ಮೇಲೆ ಬೀಳುತ್ತದೆ? ಎಲ್ಲರಿಗಿಂತ ಈಚೆಗೆ ಬಂದವನ ಮೇಲೆ, ಎಲ್ಲರಿಗಿಂತ ಕಡಿಮೆ ಸಂಬಳದವಳ ಮೇಲೆ, ತಿರುಗಿ ಮಾತನಾಡಲಾರದವರ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪ್ರತಿಯೊಬ್ಬರಿಗೂ ಸ್ವಂತ ಖಾತೆಯಿದ್ದಿದ್ದರೆ, ಯಾವ ಹೆಸರಿನವರು ಯಾವ ಗಳಿಗೆಯಲ್ಲಿ ಒಳಬಂದರು, ಯಾವಾಗ ಹೊರಟುಹೋದರು ಎಂಬುದನ್ನು ಯಂತ್ರ ಹೇಳುತ್ತಿತ್ತು. ಬಡ ನೌಕರನ ಪರವಾಗಿ ಅದು ಸಾಕ್ಷಿ ನುಡಿಯುತ್ತಿತ್ತು. ಖಾತೆ ಸಾಕ್ಷಿಯೆಂದು ಮೊದಲೇ ಹೇಳಿದ ಮಾತಿನ ಅರ್ಥ ಇದು.

ಒಡೆಯರ ಬೀಗದ ಕೈಗೊಂಚಲಿಗೂ ಇದೇ ನ್ಯಾಯ. ರೂಟಿನ ಪಾಸ್‌ವರ್ಡನ್ನು ನಾಲ್ವರಿಗೆ ಕೊಟ್ಟರೆ, ನಾಲ್ವರ ಕೆಲಸವೂ ರೂಟ್ ಎಂಬ ಒಂದೇ ಹೆಸರಿನಲ್ಲಿ ದಾಖಲಾಗುತ್ತದೆ. ಇದಕ್ಕೆ ಪರಿಹಾರವಾಗಿ ೧೯೮೦ರ ಸುಮಾರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ವಿಶ್ವವಿದ್ಯಾನಿಲಯದಲ್ಲಿ ಸುಡೂ ಎಂಬ ಸಾಧನ ಹುಟ್ಟಿತು. ಅದರ ರೀತಿ ಹೀಗೆ: ಒಡೆಯರ ಗೊಂಚಲನ್ನು ಯಾರಿಗೂ ಕೊಡುವುದಿಲ್ಲ. ಅನುಮತಿ ಪಡೆದವರು ತಮ್ಮ ಸ್ವಂತ ಪಾಸ್‌ವರ್ಡನ್ನು ಹೇಳಿ, ಒಂದು ನಿರ್ದಿಷ್ಟ ಕೆಲಸದ ಮಟ್ಟಿಗೆ ಒಡೆಯರ ಅಧಿಕಾರವನ್ನು ಪಡೆಯುತ್ತಾರೆ. ಕೇಳಿದವರು ಯಾರು, ಮಾಡಿದ್ದೇನು ಎಂಬುದು ದಾಖಲೆಗೆ ಹೋಗುತ್ತದೆ. ಮೊದಲ ಸಲ ಅದನ್ನು ಬಳಸುವವರಿಗೆ ಯಂತ್ರ ಒಂದು ಪುಟ್ಟ ಉಪದೇಶವನ್ನೂ ಮಾಡುವುದುಂಟು: ಪರರ ಗುಟ್ಟನ್ನು ಗೌರವಿಸಿ, ಬೆರಳೊತ್ತುವ ಮೊದಲು ಯೋಚಿಸಿ, ಅಧಿಕಾರ ದೊಡ್ಡದಾದಷ್ಟೂ ಹೊಣೆ ದೊಡ್ಡದು ಎಂದು. ಮಂತ್ರಿಗಳ ಪ್ರಮಾಣವಚನದ ಸಾರವೂ ಹೆಚ್ಚುಕಡಿಮೆ ಇಷ್ಟೇ ಅಲ್ಲವೆ?

ಇನ್ನೊಂದು ಮುಖ್ಯ ಸಂಗತಿ ಉಳಿದಿದೆ. ಬರುವವರಿಗೆ ಖಾತೆ ತೆರೆಯುವುದರಲ್ಲಿ ನಮಗಿರುವ ಉತ್ಸಾಹ, ಹೋದವರ ಖಾತೆ ಮುಚ್ಚುವುದರಲ್ಲಿ ಇರುವುದಿಲ್ಲ. ೧೯೮೬ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಶಾಲೆಯಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಗೆ ಗಣಕಯಂತ್ರಗಳ ಉಸ್ತುವಾರಿ ಬಂದಿತು. ಯಂತ್ರವನ್ನು ಬಳಸಿದ್ದಕ್ಕೆ ವಸೂಲಾಗಬೇಕಾದ ಹಣದ ಲೆಕ್ಕದಲ್ಲಿ ೭೫ ಸೆಂಟುಗಳು, ಅಂದರೆ ಒಂದು ಡಾಲರಿಗೂ ಕಡಿಮೆ, ತಾಳೆಯಾಗಲಿಲ್ಲ. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳುವುದೇಕೆಂದು ಬಿಡಬಹುದಾಗಿತ್ತು. ಸ್ಟಾಲ್ ಬಿಡಲಿಲ್ಲ. ಹುಡುಕುತ್ತ ಹೋದಾಗ, ಹಣ ಯಾರಿಂದ ವಸೂಲು ಮಾಡಬೇಕೆಂಬ ವಿಳಾಸವೇ ಇಲ್ಲದ ಒಂದು ಖಾತೆ ಸಿಕ್ಕಿತು. ಅದನ್ನು ತೆಗೆದುಹಾಕಿದ ಮೇಲೂ ಯಾರೋ ಓಡಾಡುತ್ತಿದ್ದರು. ಇಂಗ್ಲೆಂಡಿಗೆ ಹೊರಟುಹೋಗಿದ್ದ ಒಬ್ಬ ಬಳಕೆದಾರರ, ಮುಚ್ಚದೆ ಉಳಿದಿದ್ದ ಖಾತೆಯಿಂದ ಆ ಅಪರಿಚಿತ ಒಳಬರುತ್ತಿದ್ದ! ಅಂಚೆಯ ಕಡತಗಳನ್ನು ಸಾಗಿಸುವ ಒಂದು ಸಾಧನಕ್ಕೆ ರೂಟಿನ ಅಧಿಕಾರವನ್ನು ಅಜಾಗರೂಕತೆಯಿಂದ ಕೊಟ್ಟಿದ್ದರು. ಅದರ ಮೂಲಕ ಅವನು ಯಂತ್ರದ ಒಂದು ಕ್ರಮವಿಧಿ ಇರಬೇಕಾದ ಜಾಗದಲ್ಲಿ ತನ್ನದನ್ನು ಇಟ್ಟು, ಒಡೆಯನ ಅಧಿಕಾರವನ್ನೇ ಪಡೆದುಕೊಂಡಿದ್ದ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಟ್ಟು ಹೋಗುವುದನ್ನು ನೀವು ಬಲ್ಲಿರಿ. ಸ್ಟಾಲ್ ಈ ಕಥೆಯನ್ನು ಹೇಳಿ ೧೯೮೯ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿಗೂ ಕೋಗಿಲೆಯ ಮೊಟ್ಟೆ ಎಂದೇ ಅರ್ಥ. ತಿಂಗಳುಗಟ್ಟಲೆ ಜಾಡು ಹಿಡಿದಾಗ ದಾರಿ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಮುಟ್ಟಿತು. ಅಲ್ಲಿಂದ ಅಮೆರಿಕದ ಸೈನ್ಯಕ್ಕೆ ಸೇರಿದ ಯಂತ್ರಗಳನ್ನು ಜಾಲಾಡಿ, ಸಿಕ್ಕ ಸುದ್ದಿಯನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ ಕೂಟವೊಂದು ಬಯಲಾಯಿತು. ೧೯೯೦ರಲ್ಲಿ ಅವರು ಅಪರಾಧಿಗಳೆಂದು ನ್ಯಾಯಾಲಯ ತೀರ್ಮಾನಿಸಿತು. ಇಷ್ಟಕ್ಕೂ ದಾರಿ ಮಾಡಿಕೊಟ್ಟವುಗಳಲ್ಲಿ ಒಂದು, ಹೋದವರೊಬ್ಬರ ಬಾಗಿಲಿಗೆ ಬೀಗ ಹಾಕದೆ ಬಿಟ್ಟದ್ದು.

ಬೀಗ ಹಾಕುವುದರಲ್ಲಿಯೂ ಕ್ರಮವುಂಟು. ಪಾಸ್‌ವರ್ಡನ್ನು ತಡೆಹಿಡಿದರೆ ಮುಂಬಾಗಿಲು ಮುಚ್ಚಿತು. ಆದರೆ ದೂರದಿಂದ ಒಳಬರಲು ಬೇರೆ ಬಗೆಯ ಕೀಲಿಕೈಯನ್ನು ಅವರು ಮೊದಲೇ ಇಟ್ಟುಕೊಂಡಿದ್ದರೆ ಹಿತ್ತಲ ಬಾಗಿಲು ತೆರೆದೇ ಇರುತ್ತದೆ. ಖಾತೆಯ ಅವಧಿಯೇ ಮುಗಿಯಿತೆಂದು ಬರೆದಾಗ ಅದೂ ಮುಚ್ಚುತ್ತದೆ. ಖಾತೆಯನ್ನು ಅಳಿಸುವ ಆತುರವೂ ಬೇಡ. ಅಳಿಸಿದಾಗ ಹೋಗುವುದು ಹೆಸರು. ಅವರ ಸಂಖ್ಯೆಯನ್ನು ಹೊತ್ತ ಕಡತಗಳು ಯಂತ್ರದ ಮೂಲೆಮೂಲೆಗಳಲ್ಲಿ ಹಾಗೆಯೇ ಉಳಿದಿರಬಹುದು. ನಾಳೆ ಬಂದ ಹೊಸಬರಿಗೆ ಅದೇ ಸಂಖ್ಯೆ ಕೊಟ್ಟರೆ, ಹಳಬರ ಕಡತಗಳಿಗೆಲ್ಲ ಅವರು ಕೇಳದೆಯೇ ವಾರಸುದಾರರಾಗುತ್ತಾರೆ. ಹೆಸರಲ್ಲ, ಸಂಖ್ಯೆಯೇ ಮುಖ್ಯವೆಂದು ಹೇಳಿದ್ದು ಇದಕ್ಕಾಗಿಯೇ. ಮೊದಲು ಖಾತೆಗೆ ತಡೆ, ಆಮೇಲೆ ಕಡತಗಳನ್ನು ಹುಡುಕಿ ಸಂಬಂಧಪಟ್ಟವರಿಗೆ ವಹಿಸುವುದು, ಕಡೆಗೆ ಅಳಿಸುವುದು. ಹಳೆಯ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡದಿರುವುದು ಇನ್ನೂ ಲೇಸು.

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತು, ನಮ್ಮ ಮನೆಗೇನು, ಎನ್ನುವಿರಾ? ನಿಮ್ಮ ಕೈಯಲ್ಲಿರುವ ದೂರವಾಣಿ ಆಂಡ್ರಾಯ್ಡ್ ಬಗೆಯದಾಗಿದ್ದರೆ, ಅದರ ಒಳಗಿರುವುದು ಲಿನಕ್ಸಿನ ತಿರುಳೇ. ಅದರಲ್ಲಿ ನೀವು ಸ್ಥಾಪಿಸಿಕೊಳ್ಳುವ ಆಪ್‌ಗಳಿಗೆ ಸಾಮಾನ್ಯವಾಗಿ ಒಂದೊಂದಕ್ಕೂ ಬೇರೆ ಬೇರೆ ಬಳಕೆದಾರನ ಸಂಖ್ಯೆ ಕೊಟ್ಟಿರುತ್ತಾರೆ. ಬ್ಯಾಂಕಿನದು ಒಂದು ಬಾಡಿಗೆದಾರ, ಹುಡುಗರ ಆಟದ್ದು ಇನ್ನೊಂದು ಬಾಡಿಗೆದಾರ. ಆಟದ ಮನೆಯಿಂದ ಬ್ಯಾಂಕಿನ ಮನೆಗೆ ಇಣುಕುವಂತಿಲ್ಲ. ಮರ್ರೇ ಹಿಲ್ಲಿನಲ್ಲಿ ಹುಟ್ಟಿದ ಏರ್ಪಾಡು ನಿಮ್ಮ ಅಂಗಿಯ ಜೇಬಿನಲ್ಲಿ ವಠಾರ ಕಟ್ಟಿದೆ. "ನಿಮ್ಮ ಛಾಯಾಚಿತ್ರಗಳನ್ನು ನೋಡಲೇ, ಪರಿಚಿತರ ಪಟ್ಟಿಯನ್ನು ಓದಲೇ" ಎಂದು ಆಪ್ ಒಂದು ಕೇಳಿದಾಗ ವಠಾರದ ಯಜಮಾನಿಕೆ ನಿಮ್ಮದು. ದೀಪದ ಬೆಳಕು ಕೊಡಲು ಬಂದವನಿಗೆ ಪರಿಚಿತರ ಪಟ್ಟಿ ಏಕೆ ಬೇಕೆಂದು ಕೇಳಿಕೊಂಡು ಉತ್ತರ ಕೊಡಿ.

ಮನೆಯಲ್ಲಿ ಎಲ್ಲರೂ ಬಳಸುವ ಗಣಕಯಂತ್ರವಿದ್ದರೆ ಮಕ್ಕಳಿಗೊಂದು, ಹಿರಿಯರಿಗೊಂದು, ನಿಮಗೊಂದು ಬೇರೆ ಖಾತೆ ತೆರೆಯಿರಿ. ದಿನದ ಕೆಲಸಕ್ಕೆ ಒಡೆಯರ ಅಧಿಕಾರವಿರುವ ಖಾತೆಯನ್ನು ಬಳಸಬೇಡಿ. ಹಬ್ಬದ ಚಿತ್ರಗಳು, ಮನೆಯ ಲೆಕ್ಕ, ಹೀಗೆ ಎಲ್ಲರಿಗೂ ಬೇಕಾದುವನ್ನು ಎಲ್ಲರ ಗುಂಪಿಗೆ ಸೇರಿದ ಒಂದು ಜಾಗದಲ್ಲಿಡಿ. ಪಾಸ್‌ವರ್ಡು ಉದ್ದವಾಗಿರಲಿ; ಒಂದನ್ನೇ ಹತ್ತು ಕಡೆ ಬಳಸಬೇಡಿ. ಮೂರು ಮೂರು ತಿಂಗಳಿಗೆ ಸುಮ್ಮನೆ ಬದಲಾಯಿಸಬೇಕೆಂಬ ಹಳೆಯ ಕಟ್ಟಳೆಯನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯೇ ೨೦೧೭ರಲ್ಲಿ ಬೇಡವೆಂದು ಹೇಳಿತು. ರಟ್ಟಾಯಿತೆಂಬ ಸುಳಿವು ಸಿಕ್ಕಾಗ ಮಾತ್ರ ಕೂಡಲೆ ಬದಲಾಯಿಸಬೇಕು.

ಕೂಡಿ ಬಾಳುವುದೆಂದರೆ ಎಲ್ಲರ ಬೀಗದ ಕೈಯನ್ನೂ ಒಂದೇ ಮೊಳೆಗೆ ತೂಗುಹಾಕುವುದೆಂದು ಭಾವಿಸಬೇಕಾಗಿಲ್ಲ. ಅವರವರ ಮನೆ ಅವರವರಿಗೆ ಇದ್ದು, ಅಂಗಳ ಎಲ್ಲರದೂ ಆಗಿದ್ದರೆ ವಠಾರದಲ್ಲಿ ಜಗಳ ಕಡಿಮೆ. ಅಕ್ಕರೆಯಿಂದಲೋ ಆತುರದಿಂದಲೋ ಯಾರಾದರೂ "ನಿಮ್ಮ ಪಾಸ್‌ವರ್ಡು ಹೇಳಿ, ಎರಡು ನಿಮಿಷದ ಕೆಲಸ" ಎಂದಾಗ, "ನಿಮಗೇ ಒಂದು ಖಾತೆ ಮಾಡಿಸೋಣ ಬನ್ನಿ" ಎಂದು ಹೇಳುವುದು ಅಪನಂಬಿಕೆಯ ಮಾತಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅವರ ಮೇಲೆ ಅಪವಾದ ಬಾರದಿರಲಿ, ನಮ್ಮ ಮೇಲೆಯೂ ಬಾರದಿರಲಿ ಎಂಬ ಸ್ನೇಹದ ಮಾತು ಅದು.